ಕೈಕೆಲಸವೇ ಸಂಶೋಧನೆ ಆಗಬೇಕಾದರೆ: ಕಲೆಯಲ್ಲಿ ಸ್ನಾತಕೋತ್ತರ ಓದಿಗೆ ಹೊರಟವರಿಗೆ

ಬಿ.ವಿ.ಎ (ದೃಶ್ಯಕಲೆಯ ಪದವಿ) ಮುಗಿಸಿದವರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ, "ಯಾವ ಕಾಲೇಜು ಒಳ್ಳೇದು?" ಅದಕ್ಕೆ ಉತ್ತರ ಇದೆ, ಕೆಳಗೆ ಹೇಳುತ್ತೇನೆ. ಆದರೆ ಅದಕ್ಕಿಂತ ಮುಂಚೆ ಇನ್ನೊಂದು ಪ್ರಶ್ನೆ ಇತ್ಯರ್ಥ ಆಗಬೇಕು. ಎರಡು ವರ್ಷ ಸ್ಟುಡಿಯೋದಲ್ಲಿ ಕೂತು ನೀವು ಹುಡುಕಬೇಕೆಂದಿರುವುದು ಏನು? ಇದಕ್ಕೆ ಒಂದು ಸಾಲಿನ ಉತ್ತರ ಇಲ್ಲದೆ ಅರ್ಜಿ ಹಾಕಿದರೆ ಸೀಟು ಸಿಗಬಹುದು. ಮೊದಲ ಸೆಮಿಸ್ಟರ್ ಮಾತ್ರ ಸುಮ್ನೆ ಕಳೆದುಹೋಗುತ್ತದೆ.

ಕಲೆಯಲ್ಲಿ ಸಂಶೋಧನೆ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ದಪ್ಪ ಪ್ರಬಂಧ. 1993ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿದ್ದ ಕ್ರಿಸ್ಟೋಫರ್ ಫ್ರೇಲಿಂಗ್ ಇದನ್ನು ಮೂರು ಬಗೆಯಾಗಿ ಬಿಡಿಸಿ ಹೇಳಿದರು. ಕಲೆಯ ಬಗ್ಗೆ ಮಾಡುವುದು ಒಂದು. ಚಿತ್ರಕಾರ ಕೆ. ವೆಂಕಟಪ್ಪನವರ ಊಟಿ, ಕೊಡೈಕನಾಲ್ ಜಲವರ್ಣಗಳ ಇತಿಹಾಸ ಬರೆದರೆ ಅದು ಈ ಬಗೆ. ಕಲೆಗಾಗಿ ಮಾಡುವುದು ಇನ್ನೊಂದು. ನಿಮ್ಮ ಶಿಲ್ಪಕ್ಕೆ ಯಾವ ಕಲ್ಲು, ಯಾವ ಅಂಟು ಅಂತ ಹುಡುಕುವುದು. ಮೂರನೆಯದು ಕಲೆಯ ಮೂಲಕ ಮಾಡುವುದು. ಅಲ್ಲಿ ಮಾಡುತ್ತಾ ಮಾಡುತ್ತಾ ಉತ್ತರ ಹುಟ್ಟಬೇಕು, ಆ ಉತ್ತರದ ಒಂದು ಭಾಗ ಕೃತಿಯೊಳಗೇ ಇರಬೇಕು. ನಾವು ಮಾತಾಡುತ್ತಿರುವುದು ಈ ಮೂರನೆಯದರ ಬಗ್ಗೆ.

ನಮ್ಮೂರಿನ ಉದಾಹರಣೆಯೇ ಇದೆ. ಲಾರಿ, ಕಾರುಗಳ ಬಂಪರಿಗೆ ದೃಷ್ಟಿ ತಾಗದಿರಲಿ ಅಂತ ಕೂದಲ ಹಗ್ಗ ಕಟ್ಟುವುದನ್ನು ನೀವೂ ನೋಡಿರುತ್ತೀರಿ. ಬೆಂಗಳೂರಿನಲ್ಲಿರುವ ಕಲಾವಿದೆ ಶೀಲಾ ಗೌಡ ಅದನ್ನೇ ಹಿಡಿದು 2009ರಲ್ಲಿ ಸುಮಾರು ನಾಲ್ಕು ಸಾವಿರ ಮೀಟರ್ ಕೂದಲ ಹಗ್ಗ ಮತ್ತು ಉಕ್ಕಿನ ಬಂಪರುಗಳಿಂದ ಒಂದು ದೊಡ್ಡ ಕೃತಿ ಮಾಡಿದರು. ಆ ವರ್ಷ ವೆನಿಸ್ ಬಿಯೆನಾಲೆ ಅನ್ನುವ ಅಂತರರಾಷ್ಟ್ರೀಯ ಕಲಾ ಪ್ರದರ್ಶನದಲ್ಲಿ ಇತ್ತು, ಈಗ ಲಂಡನ್ನಿನ ಟೇಟ್ ಮ್ಯೂಸಿಯಂ ಸಂಗ್ರಹದಲ್ಲಿದೆ. ಕೂದಲು ಉಕ್ಕನ್ನು ಎತ್ತಿ ಹಿಡಿಯುವುದನ್ನು ಕಣ್ಣಾರೆ ನೋಡಿದಾಗ ಭಯಕ್ಕೂ ಭಾರಕ್ಕೂ ಇರುವ ನಂಟು ತಿಳಿಯುತ್ತದೆ. ಹತ್ತು ಪುಟ ಬರೆದರೂ ಅದು ಹಾಗೆ ತಿಳಿಯುವುದಿಲ್ಲ.

ಇನ್ನೊಂದು ಬಗೆ ಕಲಾವಿದೆ ಪುಷ್ಪಮಾಲಾ ಎನ್. ಅವರದ್ದು. 2000ದಿಂದ 2004ರವರೆಗೆ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ ಸೇರಿ ಅವರು ದಕ್ಷಿಣ ಭಾರತದ ಹೆಣ್ಣಿನ ಹಳೆಯ ಚಿತ್ರಗಳನ್ನು ಮತ್ತೆ ಕಟ್ಟಿದರು. ವಸಾಹತು ಕಾಲದಲ್ಲಿ ಚೌಕಳಿ ಪರದೆಯ ಮುಂದೆ ನಿಲ್ಲಿಸಿ ಜನರನ್ನು ಅಳೆಯುತ್ತಿದ್ದ ಫೋಟೊ ಕೂಡ ಅದರಲ್ಲಿತ್ತು. ಪರದೆ ಕಟ್ಟಿಸಿ ಅದರ ಮುಂದೆ ನಿಂತದ್ದು ಪುಷ್ಪಮಾಲಾ ಅವರೇ. ಆರ್ಕೈವಿನಲ್ಲಿ ಕೂತು ಓದುವವರಿಗೆ ಫೋಟೊ ಕಾಣುತ್ತದೆ. ಆ ಜಾಗದಲ್ಲಿ ನಿಂತವರಿಗೆ ಕ್ಯಾಮೆರಾ ತಮ್ಮ ಮೈಯನ್ನು ಏನು ಮಾಡುತ್ತದೆ ಅನ್ನುವುದೂ ಗೊತ್ತಾಗುತ್ತದೆ.

ಮೊದಲು: ನಿಮಗೆ ಇದು ಬೇಕಾ?

ಚಿತ್ರ ಬರೆಯಲು ಸಮಯ, ಜಾಗ ಬೇಕು ಅನ್ನುವುದಷ್ಟೇ ನಿಮ್ಮ ಆಸೆಯಾದರೆ ನಾಲ್ಕು ಜನ ಸೇರಿ ಬಾಡಿಗೆಗೆ ಒಂದು ಸ್ಟುಡಿಯೋ ಮಾಡಿಕೊಳ್ಳಿ. ಖರ್ಚು ಕಡಿಮೆ, ತಲೆನೋವೂ ಕಡಿಮೆ. ಜನವರಿಯ ಚಿತ್ರಸಂತೆಯಲ್ಲಿ ಕುಮಾರಕೃಪಾ ರಸ್ತೆಯಲ್ಲಿ ಚಿತ್ರ ಕೊಳ್ಳುವವರು ಯಾರೂ ಡಿಗ್ರಿ ಕೇಳುವುದಿಲ್ಲ. ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಬೇಕಾದರೆ ಮಾತು ಬೇರೆ. ಅಸಿಸ್ಟೆಂಟ್ ಪ್ರೊಫೆಸರ್ ಆಗಲು ಸಾಮಾನ್ಯ ದಾರಿ ಅಂದರೆ ಸ್ನಾತಕೋತ್ತರದಲ್ಲಿ ಶೇ. 55 ಅಂಕ, ಜೊತೆಗೆ ನೆಟ್ ಅನ್ನುವ ರಾಷ್ಟ್ರೀಯ ಅರ್ಹತಾ ಪರೀಕ್ಷೆ ಅಥವಾ ರಾಜ್ಯದ ಕೆ-ಸೆಟ್. ಆಗ ಎಂ.ವಿ.ಎ, ಅಂದರೆ ದೃಶ್ಯಕಲೆಯ ಸ್ನಾತಕೋತ್ತರ ಪದವಿ, ಬೇಕೇ ಬೇಕು.

ಸಂಶೋಧನೆಯ ದಾರಿ ಹೊಂದುವುದು ಮೂರನೆಯ ತರಹದವರಿಗೆ. ಒಂದೇ ವಿಷಯ ವರ್ಷಗಟ್ಟಲೆ ತಲೆ ತಿನ್ನುತ್ತಿರುತ್ತದೆ, ಓದಿದರೆ ಬಗೆಹರಿಯುತ್ತಿಲ್ಲ, ಮಾಡಿದರೆ ಸ್ವಲ್ಪ ಸ್ವಲ್ಪ ಬಿಡಿಸಿಕೊಳ್ಳುತ್ತದೆ. ನಿಮ್ಮ ಕಥೆ ಹೀಗಿದ್ದರೆ ಮುಂದೆ ಓದಿ.

ಪ್ರಶ್ನೆ ಕಟ್ಟುವುದು

ಎಲ್ಲಕ್ಕಿಂತ ಜಾಸ್ತಿ ಸಮಯ ಇಲ್ಲಿಗೇ ಕೊಡಿ. "ನಗರೀಕರಣ ಮತ್ತು ಅಸ್ಮಿತೆ", "ನೆನಪು ಮತ್ತು ಅವಕಾಶ" ಇಂಥ ಶೀರ್ಷಿಕೆಗಳು ಕೇಳಲು ಚೆನ್ನಾಗಿರುತ್ತವೆ. ಆದರೆ ಬೆಳಿಗ್ಗೆ ಎದ್ದು ಏನು ಮಾಡಬೇಕು ಅಂತ ಅವು ಹೇಳುವುದಿಲ್ಲ.

ಒಂದು ವಿಷಯ ಹಿಡಿದೇ ನೋಡೋಣ. ಬೆಂಗಳೂರಿನ ಕೈಬರಹದ ಅಂಗಡಿ ಬೋರ್ಡ್‌ಗಳು. ಫ್ಲೆಕ್ಸ್ ಬಂದ ಮೇಲೆ ಬೋರ್ಡ್ ಬರೆಯುವವರ ಕೆಲಸ ಇಳಿದುಹೋಯಿತು. 2018ರಲ್ಲಿ ಹೈಕೋರ್ಟ್ ಗದರಿದ ಮೇಲೆ ಬಿಬಿಎಂಪಿ ನಗರದಲ್ಲಿ ಫ್ಲೆಕ್ಸ್ ನಿಷೇಧಿಸಿತು. 2024ರಲ್ಲಿ ನಾಮಫಲಕದ ಶೇ. 60 ಭಾಗ ಕನ್ನಡದಲ್ಲಿ ಇರಬೇಕು ಅಂತ ಕಾನೂನು ಬಂತು. ಅಂಗಡಿಗಳವರು ತರಾತುರಿಯಲ್ಲಿ ಬೋರ್ಡ್ ಬದಲಾಯಿಸಿದ್ದನ್ನು ನೋಡಿದ್ದೀರಿ ಅಲ್ವಾ? ಇಷ್ಟು ಹೇಳಿದರೆ ಅದು ವಿಷಯ ಆಯಿತು. ಪ್ರಶ್ನೆ ಇನ್ನೂ ಆಗಿಲ್ಲ.

ಈಗ ಹತ್ತಿರ ಹೋಗಿ. "ಲಕ್ಷ್ಮೀ ಸ್ಟೋರ್ಸ್" ಅಂತ ಬರೆಯಬೇಕು, ಬೋರ್ಡಿನ ಎತ್ತರ ಒಂದೂವರೆ ಅಡಿ. ಇಂಗ್ಲಿಷಿನ ದೊಡ್ಡ ಅಕ್ಷರಗಳು ಎರಡು ಗೆರೆಗಳ ನಡುವೆ ಸೈನಿಕರ ಸಾಲಿನಂತೆ ನಿಲ್ಲುತ್ತವೆ. ಕನ್ನಡದಲ್ಲಿ "ಕ್ಷ್ಮೀ" ಒಂದಕ್ಕೇ ಕೆಳಗೆ ಎರಡು ಒತ್ತು, ಮೇಲೆ ಗುಡಿಸು, ಪಕ್ಕಕ್ಕೆ ದೀರ್ಘ. "ಸ್ಟೋ" ಬಂದಾಗ ಮತ್ತೆ ಒತ್ತು. ಎಲ್ಲಕ್ಕೂ ಜಾಗ ಕೊಡಲು ಹೋದರೆ ಮೇಲಿನ ಅಕ್ಷರಗಳು ಕುಳ್ಳಗಾಗುತ್ತವೆ, ರಸ್ತೆಯ ಆಚೆಯಿಂದ ಓದಲು ಬರುವುದಿಲ್ಲ. ಫಾಂಟ್ ಇದಕ್ಕೆ ಪ್ರತಿ ಸಲವೂ ಒಂದೇ ಪರಿಹಾರ ಕೊಡುತ್ತದೆ. ಬ್ರಷ್ ಹಿಡಿದವರು ಹಾಗಲ್ಲ. ಒತ್ತನ್ನು ಪಕ್ಕದ ಅಕ್ಷರದ ಹೊಟ್ಟೆಯ ಕೆಳಗೆ ತೂರಿಸುತ್ತಾರೆ, ಒಂದನ್ನು ಚಿಕ್ಕದು ಮಾಡುತ್ತಾರೆ, ಇನ್ನೊಂದರ ಬಾಲ ಎಳೆಯುತ್ತಾರೆ.

ಹಾಗಾದರೆ ಪ್ರಶ್ನೆ ಹೀಗಿರಬಹುದು: ಒತ್ತಿಗೆ ಜಾಗ ಮಾಡಿಕೊಡುವಾಗ ಬೋರ್ಡ್ ಬರೆಯುವವರ ಕೈ ಯಾವ ಯಾವ ತೀರ್ಮಾನ ತೆಗೆದುಕೊಳ್ಳುತ್ತದೆ? ನಾನು ಅವರ ಹತ್ತಿರ ಆ ಕೆಲಸ ಕಲಿತು, ಅದನ್ನೇ ದೊಡ್ಡ ಗೋಡೆಗಳ ಮೇಲೆ ಬೆಳೆಸಿದರೆ, ಆ ತೀರ್ಮಾನಗಳನ್ನು ನೋಡುವವರ ಕಣ್ಣಿಗೆ ಕಾಣುವ ಹಾಗೆ ಮಾಡಬಹುದೇ?

ಇದನ್ನು ಮೂರು ರೀತಿ ತಟ್ಟಿ ನೋಡಿ. ಲೈಬ್ರರಿಯಲ್ಲಿ ಕೂತರೆ ಸಾಕಾ? ಸಾಕಾದರೆ ಕಲಾ ಇತಿಹಾಸ ವಿಭಾಗಕ್ಕೆ ಅರ್ಜಿ ಹಾಕಿ, ಅದೇನೂ ಕಡಿಮೆ ಕೆಲಸವಲ್ಲ. ಉತ್ತರ ನೀವು ಅಂದುಕೊಂಡದ್ದಕ್ಕೆ ಉಲ್ಟಾ ಬರಬಹುದಾ? ಬರಲು ಸಾಧ್ಯವೇ ಇಲ್ಲ ಅಂದರೆ ನೀವು ಮೊದಲೇ ತೀರ್ಪು ಕೊಟ್ಟುಬಿಟ್ಟಿದ್ದೀರಿ ಅಂತ ಅರ್ಥ. ಕೊನೆಯದು, ಒಂದು ಡಬ್ಬ ಎನಾಮಲ್, ಎರಡು ಬ್ರಷ್, ಒಂದು ತಗಡು ತಂದು ನಾಳೆಯೇ ಶುರು ಮಾಡಬಹುದಾ? ಸ್ಕಾಲರ್‌ಶಿಪ್ ಬಂದ ಮೇಲೆ ಶುರು ಮಾಡ್ತೀನಿ ಅನ್ನುವ ಪ್ರಶ್ನೆಗಳನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ಅರ್ಜಿಗೆ ಮುಂಚೆ ಆರು ತಿಂಗಳು

ಅರ್ಜಿ ಹಾಕುವ ಮುಂಚೆ ಚಿಕ್ಕದಾಗಿ ಮಾಡಿ ನೋಡಿ, ಮತ್ತು ಮೊದಲ ದಿನದಿಂದಲೇ ದಾಖಲೆ ಇಡಿ. ಸ್ಟುಡಿಯೋದ ಪುಸ್ತಕ ಡೈರಿ ಆಗಬಾರದು. "ಇಂದು ತುಂಬಾ ಖುಷಿಯಾಯಿತು" ಅನ್ನುವುದರಿಂದ ಎರಡು ವರ್ಷದ ನಂತರ ಏನೂ ಸಿಗುವುದಿಲ್ಲ. ಮೇಲಿನ ಯೋಜನೆಯ ಒಂದು ಪುಟ ಹೀಗಿದ್ದರೆ ಉಪಯೋಗಕ್ಕೆ ಬರುತ್ತದೆ:

"ಟರ್ಪೆಂಟೈನ್ ಜಾಸ್ತಿ ಆಯ್ತು. ಮ ಒತ್ತು ಇಳಿದು ಕೆಳಗಿನ ಗೆರೆ ಮುಟ್ಟಿತು. ಮೇಷ್ಟ್ರು ನೋಡಿ, 'ಮೊದಲು ಒತ್ತಿಗೆ ಜಾಗ ಗುರುತು ಮಾಡ್ಕೋ, ಆಮೇಲೆ ಮೇಲಿನದು' ಅಂದರು. ಅಂದರೆ ಅವರು ಬೋರ್ಡನ್ನು ಕೆಳಗಿಂದ ಅಳೆಯುತ್ತಾರಾ? ಮೇಲಿಂದ ಅಳೆದು ಒಂದು, ಕೆಳಗಿಂದ ಅಳೆದು ಒಂದು ಬರೆದು ಅಕ್ಕಪಕ್ಕ ಇಡಬೇಕು. ಫೋಟೊ: ತಗಡು 3, ಎಡ ಮೂಲೆ."

ಏನು ಮಾಡಿದೆ, ಏನಾಯಿತು, ಯಾರು ಏನಂದರು, ಮುಂದೆ ಏನು. ಅಷ್ಟೇ. ಕೆಟ್ಟ ತಗಡುಗಳನ್ನು ಒರೆಸಬೇಡಿ, ಎಸೆಯಬೇಡಿ. ಕೆಟ್ಟದ್ದು ಹೇಗೆ ಕೆಟ್ಟಿತು ಅನ್ನುವುದೇ ಎಷ್ಟೋ ಸಲ ಪ್ರಬಂಧದ ಒಳ್ಳೆಯ ಅಧ್ಯಾಯ ಆಗುತ್ತದೆ. ಬರೆಯುವುದನ್ನು ಕನ್ನಡದಲ್ಲೇ ಬರೆಯಿರಿ. ಕೆಲಸದವರ ಬಾಯಲ್ಲಿ ಬಂದ ಮಾತನ್ನು ಬಂದ ಹಾಗೇ ಇಟ್ಟುಕೊಳ್ಳಿ. ಇಂಗ್ಲಿಷಿಗೆ ತಿರುಗಿಸುವ ಕೆಲಸ ಬೇಕಾದರೆ ಆಮೇಲೆ ಮಾಡಿಕೊಳ್ಳಬಹುದು.

ಯಾರ ಹತ್ತಿರ ಕಲಿಯುತ್ತೀರೋ ಅವರಿಗೆ ಕೂಲಿ ಕೊಡಿ. ಒಂದು ದಿನ ನಿಮ್ಮ ಜೊತೆ ಕೂತರೆ ಅವರ ಒಂದು ದಿನದ ಸಂಪಾದನೆ ಹೋಗುತ್ತದೆ. ಹೆಸರು ಹಾಕಬಹುದಾ, ಫೋಟೊ ತೋರಿಸಬಹುದಾ ಅಂತ ಮೊದಲೇ ಕೇಳಿ, ಅವರಿಗೆ ಓದಲು ಬರುವ ಭಾಷೆಯಲ್ಲಿ ಅರ್ಧ ಪುಟ ಬರೆದು ಸಹಿ ಮಾಡಿಸಿಕೊಳ್ಳಿ. ವಿದೇಶದ ವಿಶ್ವವಿದ್ಯಾಲಯಗಳಲ್ಲಿ ಇದಕ್ಕೆ ಪ್ರತ್ಯೇಕ ನೈತಿಕ ಅನುಮತಿ ಇಲ್ಲದೆ ಕೆಲಸ ಮುಂದೆ ಹೋಗುವುದಿಲ್ಲ. ನಮ್ಮಲ್ಲಿ ಯಾರೂ ಕೇಳದಿದ್ದರೂ ಮಾಡಿ.

ಈ ಆರು ತಿಂಗಳಲ್ಲಿ ಬೇರೆಯವರು ಏನು ಮಾಡಿದ್ದಾರೆ ಅಂತಲೂ ನೋಡಬೇಕು. ಊರಲ್ಲೇ ಬೇಕಾದಷ್ಟಿದೆ. ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್‌ನಲ್ಲಿರುವ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ, ಕಸ್ತೂರಬಾ ರಸ್ತೆಯಲ್ಲಿ ವೆಂಕಟಪ್ಪ ಆರ್ಟ್ ಗ್ಯಾಲರಿ, ಅದೇ ರಸ್ತೆಯಲ್ಲಿ 2023ರಲ್ಲಿ ಬಾಗಿಲು ತೆರೆದ ಮ್ಯಾಪ್ ಮ್ಯೂಸಿಯಂ, ಚಿತ್ರಕಲಾ ಪರಿಷತ್ತಿನ ತೊಗಲುಬೊಂಬೆ ಮತ್ತು ಮೈಸೂರು ಶೈಲಿಯ ಚಿತ್ರಗಳ ಸಂಗ್ರಹ. ಕಲಾವಿದರು ಇನ್ನೂ ಅರ್ಧ ಬೆಂದ ಕೆಲಸದ ಬಗ್ಗೆ ಮಾತಾಡುವುದನ್ನು ಕೇಳಬೇಕಾದರೆ ಶಾಂತಿನಗರದ ಒನ್ ಶಾಂತಿರೋಡ್ ಅನ್ನುವ ಕಲಾವಿದರ ತಾಣ. ಹಳೆಯ ಪುಸ್ತಕ, ಪತ್ರಿಕೆಗಳಿಗೆ ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿ ಮತ್ತು ಬಸವನಗುಡಿಯ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್. ನೋಡುವಾಗ ನಿಮ್ಮ ಕೆಲಸಕ್ಕೆ ನೆರೆಹೊರೆ ಅನ್ನಿಸುವ ಮೂರು ನಾಲ್ಕು ಕಲಾವಿದರನ್ನು ಆರಿಸಿಕೊಳ್ಳಿ. ವಸ್ತುವಿನ ಜೊತೆ ಹಟ ಹಿಡಿದವರು ನಿಮಗೆ ಇಷ್ಟವಾದರೆ ಬೆಂಗಳೂರಿನ ರವಿಕುಮಾರ್ ಕಾಶಿ ಅವರ ಕೆಲಸ ನೋಡಿ. ಕಾಗದ ತಯಾರಿಸುವುದನ್ನು ಗ್ಲಾಸ್ಗೋದಲ್ಲೂ ಕೊರಿಯಾದಲ್ಲೂ ಕಲಿತು ಬಂದು, ಕಾಗದವನ್ನೇ ಕೃತಿ ಮಾಡಿದವರು ಅವರು.

ಎಲ್ಲಿಗೆ ಹಾಕುವುದು

ಬೆಂಗಳೂರಿನಲ್ಲೇ ಇರಬೇಕು ಅಂದರೆ, 1960ರಲ್ಲಿ ಶುರುವಾದ ಕರ್ನಾಟಕ ಚಿತ್ರಕಲಾ ಪರಿಷತ್ತಿನ ಕಾಲೇಜಿನಲ್ಲಿ ಎಂ.ವಿ.ಎ ಇದೆ. ಯಲಹಂಕದಲ್ಲಿ 1996ರಲ್ಲಿ ಹುಟ್ಟಿದ ಸೃಷ್ಟಿ ಕಲಾ-ವಿನ್ಯಾಸ ಶಾಲೆ ಈಗ ಮಣಿಪಾಲ ವಿಶ್ವವಿದ್ಯಾಲಯದ ಜೊತೆ ಸೇರಿದೆ. ಅಲ್ಲಿ ವಿನ್ಯಾಸ, ತಂತ್ರಜ್ಞಾನ, ಕಲೆ ಬೆರೆತ ಕೆಲಸಕ್ಕೆ ಜಾಗ ಜಾಸ್ತಿ, ಫೀಸೂ ಜಾಸ್ತಿ. ಮೈಸೂರಿನ ಕಾವಾ ಕಲಾ ಕಾಲೇಜು ಹತ್ತಿರದಲ್ಲೇ ಇದೆ. ರಾಜ್ಯದ ಹೊರಗೆ ಹೋಗುವುದಾದರೆ 1919ರ ಶಾಂತಿನಿಕೇತನದ ಕಲಾಭವನ, 1950ರ ಬರೋಡಾ ಕಲಾ ವಿಭಾಗ, ಹೈದರಾಬಾದ್ ವಿಶ್ವವಿದ್ಯಾಲಯ, ದೆಹಲಿಯ ಅಂಬೇಡ್ಕರ್ ವಿಶ್ವವಿದ್ಯಾಲಯ.

ಹೆಸರು ನೋಡಿ ಮರುಳಾಗುವ ಮುಂಚೆ ಅಲ್ಲಿ ಈಗ ಓದುತ್ತಿರುವ ಇಬ್ಬರನ್ನಾದರೂ ಮಾತಾಡಿಸಿ. ಸ್ಟುಡಿಯೋ ರಾತ್ರಿ ಎಷ್ಟು ಹೊತ್ತಿನವರೆಗೆ ತೆರೆದಿರುತ್ತೆ? ಪೇಂಟಿಂಗ್ ವಿಭಾಗಕ್ಕೆ ಸೇರಿದವರಿಗೆ ಪ್ರಿಂಟ್ ಪ್ರೆಸ್ ಮುಟ್ಟಲು ಬಿಡ್ತಾರಾ? ನಮ್ಮ ಹಳೆಯ ಕಾಲೇಜುಗಳು ಮಾಧ್ಯಮದ ಲೆಕ್ಕದಲ್ಲಿ ವಿಭಾಗ ಮಾಡಿಕೊಂಡಿರುವುದರಿಂದ ಇದು ಸಣ್ಣ ವಿಷಯವಲ್ಲ. ನಿಮ್ಮ ಪ್ರಶ್ನೆ ಪೇಂಟಿಂಗಿನಿಂದ ವಿಡಿಯೋಗೆ ಹಾರಿದರೆ ಗೈಡ್ ಜೊತೆಗೆ ಬರ್ತಾರಾ, ತಡೀತಾರಾ? ಕೊನೆಯ ಮೌಲ್ಯಮಾಪನದಲ್ಲಿ ಬರವಣಿಗೆಗೆ ಎಷ್ಟು, ಕೃತಿಗೆ ಎಷ್ಟು?

ಬ್ರಿಟನ್ನಿನಲ್ಲಿ ಎಂ.ಎ ಬಹುಪಾಲು ಒಂದೇ ವರ್ಷ. ಎಂ.ಎಫ್.ಎ (ಲಲಿತಕಲೆಯ ಸ್ನಾತಕೋತ್ತರ) ಸಾಮಾನ್ಯವಾಗಿ ಎರಡು. ಒಂದು ವರ್ಷದ ಕೋರ್ಸು ಪ್ರಶ್ನೆ ಕೈಯಲ್ಲಿ ಹಿಡಿದು ಹೋಗುವವರಿಗೆ ಮಾತ್ರ ಸರಿ ಅನ್ನುವುದು ನನ್ನ ಅಭಿಪ್ರಾಯ. ಸೆಪ್ಟೆಂಬರಿನಲ್ಲಿ ಹೋಗಿ, ಚಳಿಗೆ ಒಗ್ಗಿ, ಬಣ್ಣ ಎಲ್ಲಿ ಸಿಗುತ್ತೆ ಅಂತ ಗೊತ್ತಾಗುವಷ್ಟರಲ್ಲಿ ಕೊನೆಯ ಪ್ರದರ್ಶನದ ತಯಾರಿ ಶುರುವಾಗಿರುತ್ತದೆ. ಅದಕ್ಕೆ ಮನೆ ಅಡ ಇಟ್ಟು ಸಾಲ ಮಾಡಬೇಡಿ.

ಪಿಎಚ್.ಡಿ ಮಾತು ಬೇರೆ. 2022ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮದ ಪ್ರಕಾರ ಕನಿಷ್ಠ ಮೂರು ವರ್ಷ, ಗರಿಷ್ಠ ಆರು. ಪಿಎಚ್.ಡಿಗೆ ಮುಂಚೆ ಮಾಡುತ್ತಿದ್ದ ಎಂ.ಫಿಲ್ ನಿಂತುಹೋಯಿತು. ಒಬ್ಬ ಪ್ರೊಫೆಸರ್ ಒಂದು ಹೊತ್ತಿಗೆ ಎಂಟು ಜನಕ್ಕೆ, ಅಸೋಸಿಯೇಟ್ ಪ್ರೊಫೆಸರ್ ಆರು, ಅಸಿಸ್ಟೆಂಟ್ ಪ್ರೊಫೆಸರ್ ನಾಲ್ಕು ಜನಕ್ಕೆ ಮಾತ್ರ ಗೈಡ್ ಆಗಬಹುದು. ಹಾಗಾಗಿ ನಿಮಗೆ ಬೇಕಾದವರ ಹತ್ತಿರ ಜಾಗ ಇದೆಯಾ ಅಂತ ಮೊದಲೇ ವಿಚಾರಿಸಿ. ಕೃತಿಯನ್ನೇ ಪ್ರಬಂಧದ ಭಾಗವಾಗಿ ಒಪ್ಪುತ್ತಾರಾ ಅನ್ನುವುದನ್ನು ಬಾಯಿಮಾತಿಗೆ ಬಿಡದೆ ಆ ವಿಶ್ವವಿದ್ಯಾಲಯದ ನಿಯಮಾವಳಿಯಲ್ಲಿ ಓದಿ ಖಚಿತ ಮಾಡಿಕೊಳ್ಳಿ. ಬ್ರಿಟನ್ನಿನಲ್ಲಿ ಕೃತಿ ಜೊತೆಗಿದ್ದರೆ ಬರವಣಿಗೆ ಸುಮಾರು 30ರಿಂದ 40 ಸಾವಿರ ಪದಕ್ಕೆ ಇಳಿಯುತ್ತದೆ. ಬರೀ ಪ್ರಬಂಧವಾದರೆ 80 ಸಾವಿರದ ಆಸುಪಾಸು. ಕನ್ನಡದಲ್ಲೇ ಬರೆಯಬೇಕು ಅನ್ನುವವರಿಗೆ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಇದೆ.

ಪ್ರಸ್ತಾವನೆ ಮತ್ತು ಪೋರ್ಟ್‌ಫೋಲಿಯೋ

ಪ್ರಸ್ತಾವನೆ ಸಾವಿರದಿಂದ ಎರಡು ಸಾವಿರ ಪದ ಇರಲಿ. ಮೊದಲ ಪ್ಯಾರಾದಲ್ಲೇ ಪ್ರಶ್ನೆ. ಆಮೇಲೆ ನೆರೆಹೊರೆಯ ಕಲಾವಿದರು, ಅವರಿಗಿಂತ ನೀವು ಎಲ್ಲಿ ಬೇರೆ ತಿರುಗುತ್ತೀರಿ ಅನ್ನುವುದು. ಆಮೇಲೆ ವಿಧಾನ. ವಿಧಾನ ಅಂದರೆ "ವಿವಿಧ ಮಾಧ್ಯಮಗಳನ್ನು ಬಳಸಲಾಗುವುದು" ಅಂತ ಬರೆಯುವುದಲ್ಲ. ಯಾರ ಜೊತೆ, ಎಷ್ಟು ದಿನ, ಯಾವ ಬಣ್ಣ, ಯಾವ ಅಳತೆ, ಹೇಗೆ ಹೋಲಿಸಿ ನೋಡ್ತೀರಿ ಅಂತ ಹೇಳಿ. ಕೊನೆಗೆ ಕಾಲಪಟ್ಟಿ. ಗೈಡ್ ಆಗಬಹುದಾದವರಿಗೆ ಮೇಲ್ ಬರೆಯುವಾಗ ಎಂಟು ಸಾಲು ಸಾಕು, ಅದರಲ್ಲಿ ಒಂದು ಸಾಲು ಅವರ ಕೆಲಸದ ಬಗ್ಗೆ ಇರಲಿ. ಹೊಗಳಿಕೆ ಬೇಡ, ನಿಮ್ಮ ಪ್ರಶ್ನೆಗೂ ಅದಕ್ಕೂ ಏನು ಸಂಬಂಧ ಅಂತ ಹೇಳಿದರೆ ಸಾಕು.

ಪೋರ್ಟ್‌ಫೋಲಿಯೋಗೆ ಹದಿನೈದು ಇಪ್ಪತ್ತು ಚಿತ್ರ. ಹಿಂದಿನ ಎಲ್ಲ ಕೆಲಸ ತುರುಕಬೇಡಿ. ಫಸ್ಟ್ ಇಯರ್‌ನಲ್ಲಿ ಮಾಡಿದ ಸ್ಟಿಲ್ ಲೈಫ್ ಎಷ್ಟೇ ಚೆನ್ನಾಗಿದ್ದರೂ ಬಿಡಿ. ಮುಗಿದ ಕೃತಿಗಳ ನಡುವೆ ಸ್ಟುಡಿಯೋ ಪುಸ್ತಕದ ಎರಡು ಮೂರು ಪುಟ ಸೇರಿಸಿ. ಪ್ರತಿಯೊಂದರ ಕೆಳಗೆ ಹೆಸರು, ವರ್ಷ, ಮಾಧ್ಯಮ, ಸೆಂಟಿಮೀಟರಿನಲ್ಲಿ ಅಳತೆ.

ಒಳ್ಳೆಯ ಕೆಲಸ ಕೆಟ್ಟ ಫೋಟೊದಿಂದ ಸೋಲುವುದು ಬಹಳ. ಫೋನೇ ಸಾಕು, ಆದರೆ ಸ್ವಲ್ಪ ತಾಳ್ಮೆ ಬೇಕು. ನೇರ ಬಿಸಿಲು ಬೀಳದ ಕಡೆ, ಮೋಡದ ದಿನವಾದರೆ ಇನ್ನೂ ಒಳ್ಳೆಯದು, ಕೃತಿಯನ್ನು ಗೋಡೆಗೆ ನೆಟ್ಟಗೆ ನಿಲ್ಲಿಸಿ. ಫೋನಿನ ಲೆನ್ಸ್ ಚಿತ್ರದ ನಟ್ಟನಡುವಿನ ಎತ್ತರದಲ್ಲೇ ಇರಬೇಕು. ಇಲ್ಲದಿದ್ದರೆ ಚೌಕ ಹೋಗಿ ಇಳಿಜಾರಾಗುತ್ತದೆ. ಹತ್ತಿರ ನಿಂತು ವೈಡ್ ಲೆನ್ಸಿನಲ್ಲಿ ತೆಗೆದರೆ ಅಂಚುಗಳು ಬಾಗುತ್ತವೆ, ಹಿಂದೆ ಸರಿದು ಎರಡು ಪಟ್ಟು ಜೂಮಿನಲ್ಲಿ ತೆಗೆಯಿರಿ. ಕಿಟಕಿ ಬೆಳಕಿನ ಜೊತೆ ಟ್ಯೂಬ್‌ಲೈಟ್ ಬೆರೆಸಬೇಡಿ, ಬಿಳಿ ಬಿಳಿಯಾಗಿ ಉಳಿಯುವುದಿಲ್ಲ. ಎನಾಮಲ್ ಥರ ಹೊಳೆಯುವ ಮೇಲ್ಮೈ ಆದರೆ ಫೋನಿನ ಹಿಂದೆ ಒಂದು ಕಪ್ಪು ಬಟ್ಟೆ ಇಳಿಬಿಡಿ. ನಿಮ್ಮ ಪ್ರತಿಬಿಂಬ ಬೀಳುವುದು ತಪ್ಪುತ್ತದೆ.

ದುಡ್ಡು

ಮನೆಯಲ್ಲಿ ಕೇಳುವ ಮೊದಲ ಮಾತೇ ಇದು, ತಪ್ಪೇನಿಲ್ಲ. ಕೇಂದ್ರ ಸಂಸ್ಕೃತಿ ಇಲಾಖೆಯ ಯುವ ಕಲಾವಿದರ ವಿದ್ಯಾರ್ಥಿವೇತನ 18ರಿಂದ 25 ವಯಸ್ಸಿನವರಿಗೆ, ತಿಂಗಳಿಗೆ 5,000 ರೂಪಾಯಿ, ಎರಡು ವರ್ಷ. ಅದೇ ಇಲಾಖೆಯ ಜೂನಿಯರ್ ಫೆಲೋಶಿಪ್ 25ರಿಂದ 40ರವರಿಗೆ, ತಿಂಗಳಿಗೆ 10,000. ನೆಟ್‌ನಲ್ಲಿ ಜೆ.ಆರ್.ಎಫ್ (ಸಂಶೋಧನೆಗೆ ಕೊಡುವ ಫೆಲೋಶಿಪ್) ಸಿಕ್ಕಿದರೆ ಪಿಎಚ್.ಡಿಯ ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ 42,000. ಇದು 2023ರ ಜನವರಿಯಿಂದ ಬಂದ ದರ. ಸಂಶೋಧನೆಯನ್ನೇ ಬದುಕು ಮಾಡಿಕೊಳ್ಳುವವರಿಗೆ ಇದರಷ್ಟು ಗಟ್ಟಿ ಆಸರೆ ಇನ್ನೊಂದಿಲ್ಲ, ಅದಕ್ಕೆ ಎಂ.ವಿ.ಎ ಕೊನೆಯ ವರ್ಷದಲ್ಲೇ ದೃಶ್ಯಕಲೆ ವಿಷಯದಲ್ಲಿ ನೆಟ್ ಬರೆಯಲು ಶುರು ಮಾಡಿ.

ವಿಶ್ವವಿದ್ಯಾಲಯದ ಹೊರಗೂ ಸಂಶೋಧನೆ ಮಾಡಬಹುದು ಅನ್ನುವುದನ್ನು ಮರೆಯಬೇಡಿ. 1993ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಕಲಾ ಸಂಶೋಧನೆಗೂ ಕಲಾಭ್ಯಾಸಕ್ಕೂ ಅನುದಾನ ಕೊಡುತ್ತದೆ. ಪ್ರಸ್ತಾವನೆಯನ್ನು ಕನ್ನಡದಲ್ಲೇ ಬರೆಯಬಹುದು. ಡಿಗ್ರಿ ಮುಖ್ಯ ಅಲ್ಲದಿದ್ದರೆ ನಾನಂತೂ ಮೊದಲು ಇದನ್ನೇ ನೋಡಿ ಅನ್ನುತ್ತೇನೆ. ವಿದೇಶಕ್ಕೆ ಇನ್‌ಲ್ಯಾಕ್ಸ್, ಚಾರ್ಲ್ಸ್ ವಾಲೇಸ್, ಚಿವನಿಂಗ್ ವಿದ್ಯಾರ್ಥಿವೇತನಗಳಿವೆ. ಚಿವನಿಂಗ್‌ಗೆ ಎರಡು ವರ್ಷದ ಕೆಲಸದ ಅನುಭವ ತೋರಿಸಬೇಕು, ಬಿ.ವಿ.ಎ ಮುಗಿದ ಕೂಡಲೇ ಹಾಕಲು ಬರುವುದಿಲ್ಲ.

ಫೀಸಿನ ಲೆಕ್ಕ ಎಲ್ಲರೂ ಹಾಕುತ್ತಾರೆ. ಸಾಮಗ್ರಿ, ಸಾಗಣೆ, ಕೃತಿ ಇಡುವ ಜಾಗದ ಲೆಕ್ಕ ಬಿಟ್ಟುಹೋಗುತ್ತದೆ. ಎಂಟು ಅಡಿ ತಗಡು ಪಿ.ಜಿ ರೂಮಿನ ಮೆಟ್ಟಿಲು ಹತ್ತುವುದಿಲ್ಲ.

ಬರವಣಿಗೆ ಮತ್ತು ಕೊನೆಯ ಪ್ರದರ್ಶನ

ಪ್ರಬಂಧ ಕೃತಿಯನ್ನು ವಿವರಿಸುವ ಫಲಕ ಆಗಬಾರದು. "ಈ ಕೆಂಪು ನೋವನ್ನು ಸೂಚಿಸುತ್ತದೆ" ಅಂತ ಬರೆಯುವ ಬದಲು, ಮೊದಲು ಯಾವ ಬಣ್ಣ ಇತ್ತು, ಯಾಕೆ ಕೈಬಿಟ್ಟಿರಿ, ಬಿಟ್ಟ ಮೇಲೆ ಪ್ರಶ್ನೆ ಎಲ್ಲಿಗೆ ತಿರುಗಿತು ಅಂತ ಬರೆಯಿರಿ. ಸ್ಟುಡಿಯೋ ಪುಸ್ತಕ ಸರಿಯಾಗಿ ಇಟ್ಟಿದ್ದವರಿಗೆ ಅರ್ಧ ಪ್ರಬಂಧ ಅಲ್ಲೇ ಇರುತ್ತದೆ. ಇಡದವರು ಕೊನೆಯ ಮೂರು ತಿಂಗಳು ನೆನಪಿನಿಂದ ಕಥೆ ಕಟ್ಟುತ್ತಾರೆ, ಪರೀಕ್ಷಕರಿಗೆ ಅದು ಎರಡನೇ ಪುಟಕ್ಕೇ ಗೊತ್ತಾಗುತ್ತದೆ.

ಪ್ರದರ್ಶನದ ಜಾಗ ಆರು ತಿಂಗಳು ಮುಂಚೆಯೇ ಹಿಡಿಯಿರಿ. ಪರೀಕ್ಷಕರು ಬರುವ ದಿನ ಮುಂದಕ್ಕೆ ಹೋಗುವುದು ಮಾಮೂಲು, ಹಾಗಾಗಿ ಬುಕಿಂಗ್‌ನಲ್ಲಿ ಒಂದೆರಡು ದಿನ ಹೆಚ್ಚಿಗೆ ಇರಲಿ. ಕೆಟ್ಟುಹೋದ ತಗಡುಗಳಿಗೂ ಒಂದು ಗೋಡೆ ಕೊಡಿ. ವೈವಾ ಅನ್ನುವ ಮೌಖಿಕ ಪರೀಕ್ಷೆಯಲ್ಲಿ ಪ್ರಶ್ನೆಗಳು ಜಾಸ್ತಿ ಬರುವುದು ಅವುಗಳ ಮೇಲೆಯೇ, ಉತ್ತರವೂ ನಿಮ್ಮ ಹತ್ತಿರ ಇರುತ್ತದೆ. ನಿಮಗೆ ಕಲಿಸಿದವರನ್ನು ಉದ್ಘಾಟನೆಗೆ ಮಾತ್ರ ಕರೆಯದೆ ಒಂದು ದಿನ ಮುಂಚೆ ಕರೆದು ತೋರಿಸಿ. ಒತ್ತು ತಪ್ಪಾಗಿ ಕೂತಿದ್ದರೆ ಹೇಳುವವರು ಅವರೇ, ತಿದ್ದಲು ಒಂದು ರಾತ್ರಿ ಸಮಯವೂ ಸಿಗುತ್ತದೆ. ಬಿಚ್ಚುವ ಮುಂಚೆ ಇಡೀ ಕೋಣೆಯ ಫೋಟೊ, ವಿಡಿಯೋ ತೆಗೆದು ಎರಡು ಕಡೆ ಕಾಪಿ ಇಡಿ. ಪ್ರಬಂಧದ ಜೊತೆ ಲೈಬ್ರರಿಗೆ ಕೊಡಬೇಕಾದ ದಾಖಲೆ ಅದೇ.